ಅಡಿಕೆ ಚಪ್ಪರದಲ್ಲಿ ಆ ಅಕ್ಕ ಕೇಳಿದ ಪ್ರಶ್ನೆ

ಪ್ರಿಯ ಗೆಳೆಯರೆ, ನಮಸ್ಕಾರ.

ತೀರ್ಥಹಳ್ಳಿಯಿಂದ ನೀವು ಕಳಿಸಿದ ‘ರಾಕ್ ಹಾಡುಗಳ ಗುಪ್ತ ಭಾಷೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಏಳನೇ ಪುಟದ ನಾಲ್ಕು ಸಾಲು ನನ್ನನ್ನು ಬಿಡುತ್ತಿಲ್ಲ. ಕಾಗದ ಇಷ್ಟು ಉದ್ದವಾಗಿರುವುದು ಆ ಸಾಲುಗಳಿಗಾಗಿಯೇ.

ಮೊದಲು ಬೇಸರದ ಮಾತು ಮುಗಿಸುತ್ತೇನೆ. ರಾಕ್ ಹಾಡು, ವಿಡಿಯೊಗಳಲ್ಲಿ ಗುಪ್ತ ಸಂಘವೊಂದರ ಸಂಕೇತಗಳು ಅಡಗಿವೆ ಎನ್ನುವುದು ನಿಮ್ಮ ವಾದ. ತ್ರಿಕೋನ ಕಂಡರೆ ಗುಪ್ತ ಸಂಘ, ಒಂಟಿ ಕಣ್ಣು ಕಂಡರೆ ಅದೇ ಸಂಘ, ಕತ್ತಲ ಕಾರಿಡಾರ್ ಕಂಡರೂ ಅದೇ ಸಂಘ. ಐದು ಹಾಡು, ಐದು ಬ್ಯಾಂಡು, ಉತ್ತರ ಮಾತ್ರ ಒಂದೇ. ಎಲ್ಲ ಬೀಗಕ್ಕೂ ಆಗುವ ಕೀಲಿಯನ್ನು ಹಿಡಿದುಕೊಂಡು ಹಾಡಿನ ಹತ್ತಿರ ಹೋದರೆ ಆ ಹಾಡಿನೊಳಗೆ ಏನಿತ್ತು ಅನ್ನುವುದು ಗೊತ್ತಾಗುವುದೇ ಇಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮೂರನೇ ಪುಟದಲ್ಲಿ ಹಾಡೊಂದನ್ನು ಹಿಂದುಮುಂದಾಗಿ ನುಡಿಸಿದರೆ ‘ಅವನು ಬರುತ್ತಿದ್ದಾನೆ’ ಎಂಬ ಇಂಗ್ಲಿಷ್ ಮಾತು ಕೇಳುತ್ತದೆ ಎಂದಿದ್ದೀರಿ. ನಿಮ್ಮ ಮಾತನ್ನು ಪರೀಕ್ಷೆ ಮಾಡದೆ ತಳ್ಳಿಹಾಕಲು ಮನಸ್ಸು ಬರಲಿಲ್ಲ. ಕಚೇರಿಯ ಇಬ್ಬರು ಹುಡುಗರನ್ನು ಕರೆದು ನೀವು ಕಳಿಸಿದ ತುಣುಕನ್ನು ಕೇಳಿಸಿದೆ. ನಿಮ್ಮ ಲೇಖನ ಓದಿದ್ದವನಿಗೆ ಆ ಮಾತು ಸ್ಪಷ್ಟವಾಗಿ ಕೇಳಿತು. ಓದದವನು ಮೂರು ಸಲ ಕೇಳಿ, ‘ಬಾವಿ ರಾಟೆ ತಿರುಗಿದ ಹಾಗಿದೆ ಸಾರ್’ ಎಂದ. ನಿಮ್ಮ ಸಾಲನ್ನು ತೋರಿಸಿದ ಮೇಲೆ ಅವನಿಗೂ ಕೇಳತೊಡಗಿತು! ಆ ಮಾತು ಬಂದದ್ದು ನಿಮ್ಮ ಪುಟದಿಂದ, ಹಾಡಿನಿಂದಲ್ಲ. ಹಿಂದುಮುಂದಾಗಿ ಸೇರಿಸಿದ ಮಾತು ನಿಜವಾಗಿಯೂ ಇರುವ ಹಾಡುಗಳಿವೆ. ಪಿಂಕ್ ಫ್ಲಾಯ್ಡ್ ತಂಡದ 1979ರ ‘ದಿ ವಾಲ್’ ಆಲ್ಬಮ್‌ನಲ್ಲಿರುವುದನ್ನು ನೀವೂ ಹೆಸರಿಸಿದ್ದೀರಿ. ಆದರೆ ಅಲ್ಲಿರುವ ಮಾತು ಏನೆಂದು ಓದುಗರಿಗೆ ಹೇಳಲಿಲ್ಲ. ‘ಅಭಿನಂದನೆಗಳು, ರಹಸ್ಯ ಸಂದೇಶವನ್ನು ಈಗಷ್ಟೇ ಪತ್ತೆ ಮಾಡಿದಿರಿ’ ಎನ್ನುತ್ತದೆ ಅದು. ನಿಮ್ಮ ವಾದಕ್ಕೆ ಒಗ್ಗದ ಸಂಗತಿಯನ್ನು ಬಚ್ಚಿಟ್ಟದ್ದು ನನಗೆ ನಿಜಕ್ಕೂ ನೋವು ತಂದಿತು. ಬರವಣಿಗೆ ದುರ್ಬಲವಾಗಿದ್ದರೆ ತಿದ್ದಬಹುದು, ಇದನ್ನು ನೀವೇ ಬಿಡಬೇಕು.

ಬೀಟಲ್ಸ್‌ನ ‘ಐ ಆ್ಯಮ್ ದಿ ವಾಲ್ರಸ್’ ಬಗ್ಗೆ ಎರಡು ಪುಟ ಬರೆದಿದ್ದೀರಿ. ಅದು 1967ರ ಹಾಡು. ಜಾನ್ ಲೆನನ್ ಓದಿದ್ದ ಶಾಲೆಯ ಹುಡುಗನೊಬ್ಬ, ನಮ್ಮ ಮೇಷ್ಟ್ರು ತರಗತಿಯಲ್ಲಿ ನಿಮ್ಮ ಹಾಡುಗಳಿಗೆ ಅರ್ಥ ಬಿಡಿಸುತ್ತಿದ್ದಾರೆ ಎಂದು ಅವರಿಗೆ ಕಾಗದ ಬರೆದಿದ್ದ. ಅದನ್ನು ಓದಿದ ಲೆನನ್ ಯಾರಿಗೂ ಬಿಡಿಸಲಾಗದಂಥ ಸಾಲುಗಳನ್ನು ಬೇಕೆಂದೇ ಪೋಣಿಸಿದರು. ಕೊನೆಯಲ್ಲಿ ಕೇಳುವ ಶೇಕ್ಸ್‌ಪಿಯರನ ಮಾತುಗಳನ್ನು ನೀವು ಸಂಕೇತ ಎಂದಿರಿ. ಹಾಡನ್ನು ಮಿಕ್ಸ್ ಮಾಡುತ್ತಿದ್ದಾಗ ಬಿಬಿಸಿ ರೇಡಿಯೊದಲ್ಲಿ ‘ಕಿಂಗ್ ಲಿಯರ್’ ನಾಟಕ ಬರುತ್ತಿತ್ತು, ಅದನ್ನೇ ನೇರವಾಗಿ ಬೆರೆಸಿದರು. ಈ ಆಕಸ್ಮಿಕದ ಕತೆ ನೀವು ಆ ಹಾಡಿನಲ್ಲಿ ಕಂಡ ಈಜಿಪ್ಟ್ ದೇವತೆಗಳಿಗಿಂತ ಎಷ್ಟು ಸೊಗಸಾಗಿದೆ ನೋಡಿ.

ವಿಡಿಯೊಗಳ ವಿಷಯಕ್ಕೆ ಬಂದರೆ, ಪರ್ಲ್ ಜ್ಯಾಮ್ ತಂಡದ ‘ಜೆರೆಮಿ’ಯನ್ನು ಆರಿಸಿದ್ದು ಒಳ್ಳೆಯದೇ. 1992ರಲ್ಲಿ ಮಾರ್ಕ್ ಪೆಲಿಂಗ್ಟನ್ ನಿರ್ದೇಶಿಸಿದ್ದು, ಜೆರೆಮಿ ಎಂಬ ಒಂಟಿ ಶಾಲಾ ಹುಡುಗನ ಕತೆ. ಕೊನೆಗೆ ತರಗತಿಯ ಮಕ್ಕಳು ರಕ್ತದ ಕಲೆಗಳೊಂದಿಗೆ ಕಲ್ಲಿನಂತೆ ನಿಂತಿರುತ್ತಾರೆ. ಅವರ ಎತ್ತಿದ ಕೈಗಳಲ್ಲಿ ನೀವು ಗುಪ್ತ ಮುದ್ರೆ ಹುಡುಕಿದಿರಿ. ನಡೆದದ್ದು ಬೇರೆ. ಆ ಹುಡುಗ ತನ್ನ ಜೀವ ತೆಗೆದುಕೊಳ್ಳುವ ಕ್ಷಣವನ್ನು ಟಿವಿಗಾಗಿ ಕತ್ತರಿಸಿದ್ದರು. ಅಷ್ಟು ಹೋದದ್ದರಿಂದ ಅವನು ಸಹಪಾಠಿಗಳನ್ನೇ ಕೊಂದ ಎಂದು ಎಷ್ಟೋ ಜನ ತಿಳಿದರು. ಒಂಟಿ ಹುಡುಗನ ಸಂಕಟ ಕೊಲೆಗಾರನ ಕತೆಯಾಗಿಬಿಟ್ಟಿತು. ವಿಡಿಯೊದಲ್ಲಿ ಅಡಗಿರುವುದನ್ನು ಹುಡುಕುವವರು ಮೊದಲು ಕೇಳಬೇಕಾದದ್ದು, ಇದರಿಂದ ಏನನ್ನು ತೆಗೆದಿದ್ದಾರೆ ಎಂದು.

ಒಳಾರ್ಥ ಹುಡುಕಬೇಡಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ನಮ್ಮ ಜಿಲ್ಲೆಯವನಿಗೆ ಬಾಯಿ ಬರುವುದೂ ಇಲ್ಲ. ಒಗಟಿನಂಥ ಬೆಡಗಿನ ವಚನಗಳ ಅಲ್ಲಮ ಹುಟ್ಟಿದ್ದು ಶಿಕಾರಿಪುರದ ಪಕ್ಕದ ಬಳ್ಳಿಗಾವಿಯಲ್ಲಿ ಎನ್ನುತ್ತಾರೆ. ಶಿಶುನಾಳ ಷರೀಫರ ಕೋಡಗನ ಹಾಡನ್ನು ನೀವೂ ಶಾಲೆಯಲ್ಲಿ ಹಾಡಿರುತ್ತೀರಿ. ಕೋಳಿ ಕೋಡಗನನ್ನು ನುಂಗುತ್ತದೆ, ಆಡು ಆನೆಯನ್ನು ನುಂಗುತ್ತದೆ. ಮಕ್ಕಳು ಕೈ ತಟ್ಟಿ ನಗುತ್ತಾರೆ. ಅರ್ಥ ಗೊತ್ತಿಲ್ಲದಿದ್ದರೂ ಹಾಡು ತನ್ನ ಕಾಲ ಮೇಲೆ ನಿಂತಿರುತ್ತದೆ. ಕೊನೆಗೆ ಗೋವಿಂದ ಗುರುವಿನ ಪಾದ ತನ್ನನ್ನೇ ನುಂಗಿತು ಎನ್ನುತ್ತಾರೆ ಷರೀಫರು. ಅಲ್ಲಿಯವರೆಗೆ ನುಂಗಿದ್ದೆಲ್ಲ ಆ ಒಂದು ಸಾಲಿನಲ್ಲಿ ಬೆಳಕಾಗುತ್ತದೆ. ಬೀಗದ ಕೈ ಹಾಡಿನೊಳಗೇ ತೂಗುಹಾಕಿದೆ. ನಿಮ್ಮ ಹನ್ನೊಂದು ಪುಟಗಳಲ್ಲಿ ಕೀಲಿ ಯಾವಾಗಲೂ ಹೊರಗಿನಿಂದಲೇ ಬಂತು.

ಒಂದು ಕಡೆ ಬಿಟ್ಟು. ಏಳನೇ ಪುಟ. ಕಳೆದ ವರ್ಷ ಮಾವನ ಮನೆಯಲ್ಲಿ ಅಡಿಕೆ ಸುಲಿತ. ರಾತ್ರಿ ಚಪ್ಪರದಡಿ ಮೆಟ್ಟುಗತ್ತಿಗಳ ಸದ್ದು. ನೀವು ಸಣ್ಣ ಸ್ಪೀಕರಿನಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನರ ‘ಬಾರ್ನ್ ಇನ್ ದಿ ಯುಎಸ್ಎ’ ಹಾಕಿದ್ದಿರಿ. ಸುಲಿಯುತ್ತಿದ್ದ ಅಕ್ಕ ಒಬ್ಬರು ತಲೆ ಎತ್ತದೆ ಕೇಳಿದರು: ‘ಅದ್ಯಾಕೋ ತಮ್ಮಾ ಅವ ಅಷ್ಟು ಕಿರುಚ್ತಾನೆ? ಎಂಥ ಆಗ್ಯದೆ ಅವನಿಗೆ?’ ನೀವು ‘ಅದು ದೇಶಭಕ್ತಿ ಹಾಡು’ ಎಂದು ಹೇಳಿ ಮುಂದಿನ ಪ್ಯಾರಾಕ್ಕೆ ಹೋಗಿಬಿಟ್ಟಿರಿ. ಆ ಹಾಡಿನ ಬಗ್ಗೆ ಕೇಳಬೇಕಾದ ಪ್ರಶ್ನೆಯೇ ಅದಾಗಿತ್ತು!

ಹಾಡಿನೊಳಗಿನವನು ವಿಯೆಟ್ನಾಂ ಯುದ್ಧದಿಂದ ಮರಳಿದವನು. ಅಲ್ಲಿನ ಕೇ ಸಾನ್‌ನಲ್ಲಿ ಹೋರಾಡಿದ ಅಣ್ಣನೋ ತಮ್ಮನೋ ಉಳಿದಿಲ್ಲ. ಊರಿನ ರಿಫೈನರಿಯಲ್ಲಿ ಕೆಲಸ ಸಿಗುವುದಿಲ್ಲ. ಇದೆಲ್ಲ ಚರಣಗಳಲ್ಲಿ ಬಿಚ್ಚಿಟ್ಟ ಮಾತು, ಅಡಗಿಸಿದ್ದಲ್ಲ. ಆದರೂ ಜನ ಪಲ್ಲವಿಯನ್ನಷ್ಟೇ ಹಿಡಿದರು. ಆಲ್ಬಮ್ ಬಂದ 1984ರಲ್ಲೇ ಅಧ್ಯಕ್ಷ ರೇಗನ್ ನ್ಯೂಜೆರ್ಸಿಯ ಚುನಾವಣಾ ಸಭೆಯೊಂದರಲ್ಲಿ ಸ್ಪ್ರಿಂಗ್‌ಸ್ಟೀನರ ಹಾಡುಗಳಲ್ಲಿ ಭರವಸೆಯ ಸಂದೇಶವಿದೆ ಎಂದು ಹೊಗಳಿದರು. ಇಂಗ್ಲಿಷ್ ಬಾರದ ನಿಮ್ಮ ಅಕ್ಕನಿಗೆ ಮೆಟ್ಟುಗತ್ತಿಯ ಸದ್ದಿನ ನಡುವೆಯೂ ಆ ದನಿಯ ಗಾಯ ಕೇಳಿತ್ತು.

ಇದನ್ನು ಬರೆಯಿರಿ. ಆ ಚಪ್ಪರ, ಅಲ್ಲಿನ ಬೆಳಕು, ಸುಲಿಯುವವರ ಮಾತು, ಆ ಪ್ರಶ್ನೆ, ನೀವು ಕೊಟ್ಟ ತಪ್ಪು ಉತ್ತರ, ಎಲ್ಲವೂ ಬರಲಿ. ‘ಗೂಢ’, ‘ನಿಗೂಢ’, ‘ರಹಸ್ಯ’ ಪದಗಳನ್ನು ಮುಟ್ಟದೆ ಬರೆಯಲು ನೋಡಿ. ನಾಲ್ಕು ಪುಟ ಸಾಕು. ಇದೇ ಹಾಡನ್ನು ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಒಬ್ಬರೇ ಗಿಟಾರ್ ಹಿಡಿದು ಹಾಡಿಟ್ಟದ್ದಿದೆ, ಹೊರಬಂದದ್ದು 1998ರಲ್ಲಿ. ಡ್ರಮ್ಮಿನ ಅಬ್ಬರ ಇಲ್ಲ, ಕೂಗಿ ಹೇಳುವ ಪಲ್ಲವಿ ಅಲ್ಲಿ ಗೊಣಗಿದಂತೆ ಬರುತ್ತದೆ. ಅದನ್ನು ಹುಡುಕಿ ಕೇಳಿ.

ಈ ಸಲದ ಸುಲಿತ ಮುಗಿಯುವ ಮೊದಲು ಆ ಅಕ್ಕನ ಹತ್ತಿರ ಹೋಗಿ. ಎರಡನ್ನೂ ಒಂದಾದ ಮೇಲೊಂದು ಹಾಕಿ, ಚರಣಗಳನ್ನು ಕನ್ನಡದಲ್ಲಿ ಹೇಳಿ. ಅವರು ಏನನ್ನುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದುಕೊಂಡು ನನಗೆ ಕಳಿಸಿ. ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ಸಂಪಾದಕ, ಶಿವಮೊಗ್ಗ