ಸೇಲ್ಸ್‌ಗೊಂದು, ಫೈನಾನ್ಸ್‌ಗೊಂದು: ಟ್ಯಾಬ್ಯುಲರಾ, ಮಲ್ಟಿಡೈಮೆನ್ಶನಲ್ಲಾ?

ಪ್ರಶ್ನೆ: ಸರ್, ನಮ್ಮ ಕಂಪನೀಲಿ ಸೇಲ್ಸು ಫೈನಾನ್ಸು ಎರಡಕ್ಕೂ ಸೇರಿಸಿ ಒಂದೇ ಬಿಐ ಮಾಡೆಲ್ (ರಿಪೋರ್ಟ್‌ಗಳಿಗೆ ಅಂತ ಡೇಟಾ ಜೋಡಿಸಿಡೋದು) ಮಾಡಿ ಅಂತಿದ್ದಾರೆ. ಎಸ್‌ಕ್ಯೂಎಲ್ ಸರ್ವರ್ 2019 ಸ್ಟ್ಯಾಂಡರ್ಡ್ ಎಡಿಶನ್ ಇದೆ, ಸರ್ವರ್‌ನಲ್ಲಿ 64 ಜಿಬಿ ರ‍್ಯಾಮ್. ಸೇಲ್ಸ್ ಟೇಬಲ್‌ನಲ್ಲಿ ಸುಮಾರು 12 ಕೋಟಿ ರೋ ಇದೆ. ಫೈನಾನ್ಸ್‌ನೋರಿಗೆ ಎಕ್ಸೆಲ್‌ನಲ್ಲೇ ಬಜೆಟ್ ಎಂಟ್ರಿ ಮಾಡ್ಬೇಕಂತೆ. ಮಲ್ಟಿಡೈಮೆನ್ಶನಲ್ ಹಳೇದಾಯ್ತು, ಟ್ಯಾಬ್ಯುಲರ್‌ಗೆ ಹೋಗಿ ಅಂತ ಸೀನಿಯರ್ ಒಬ್ರು ಹೇಳ್ತಾರೆ. ಏನ್ ಮಾಡ್ಲಿ?

ಉತ್ತರ: ಟ್ಯಾಬ್ಯುಲರ್, ಮಲ್ಟಿಡೈಮೆನ್ಶನಲ್ (ಕ್ಯೂಬ್ ಅಂತಾನೂ ಕರೀತಾರೆ) ಎರಡೂ ಎಸ್‌ಕ್ಯೂಎಲ್ ಸರ್ವರ್‌ನ ಅನಾಲಿಸಿಸ್ ಸರ್ವಿಸಸ್ ಅನ್ನೋ ಭಾಗದಲ್ಲಿ ಮಾಡೆಲ್ ಕಟ್ಟೋ ಎರಡು ವಿಧಾನ. ಮಲ್ಟಿಡೈಮೆನ್ಶನಲ್ ಹಳೇದು ಅನ್ನೋದು ನಿಜಾನೇ. ಕ್ಯೂಬ್ ಇಂಜಿನ್ 1998ರಲ್ಲಿ ಎಸ್‌ಕ್ಯೂಎಲ್ ಸರ್ವರ್ 7.0 ಜೊತೆ ಬಂದಿದ್ದು, ಟ್ಯಾಬ್ಯುಲರ್ ಬಂದಿದ್ದು 2012ರಲ್ಲಿ, ಅಲ್ಲಿಂದಾಚೆ ಹೊಸ ಫೀಚರ್ ಹೆಚ್ಚುಕಮ್ಮಿ ಎಲ್ಲಾ ಟ್ಯಾಬ್ಯುಲರ್‌ಗೇ ಸಿಕ್ಕಿದೆ. ಅಝೂರ್ ಅನಾಲಿಸಿಸ್ ಸರ್ವಿಸಸ್‌ನಲ್ಲಿ ಮಲ್ಟಿಡೈಮೆನ್ಶನಲ್ ಇಲ್ವೇ ಇಲ್ಲ, ಪವರ್ ಬಿಐ ಒಳಗೆ ಓಡ್ತಿರೋದೂ ಇದೇ ಟ್ಯಾಬ್ಯುಲರ್ ಇಂಜಿನ್ನೇ. ಹಾಗಂತ ಹಳೇದು ಅನ್ನೋ ಒಂದೇ ಕಾರಣಕ್ಕೆ ಬಿಡಬೇಡಿ, ನಿಮ್ಮ ಕೇಸಲ್ಲಿ ನಿರ್ಧಾರ ಆಗೋದು ಬೇರೆ ಕಡೆ.

ಮೊದಲು ಸೇಲ್ಸ್. ಅದಕ್ಕೆ ಟ್ಯಾಬ್ಯುಲರ್, ಜಾಸ್ತಿ ಯೋಚನೆ ಬೇಡ. ಡೇಟಾನ ಕಾಲಮ್ ಲೆಕ್ಕದಲ್ಲಿ ಕಂಪ್ರೆಸ್ ಮಾಡಿ ಮೆಮೊರೀಲೇ ಇಟ್ಕೊಳ್ಳತ್ತೆ, ಎಷ್ಟು ಬೇರೆಬೇರೆ ಕಸ್ಟಮರ್ ಕೊಂಡ್ರು ಅನ್ನೋ ಥರದ ಡಿಸ್ಟಿಂಕ್ಟ್ ಕೌಂಟ್ ಸಲೀಸಾಗಿ ಬರತ್ತೆ, ಕ್ಯೂಬಲ್ಲಾದ್ರೆ ಅದಕ್ಕೇ ಅಂತ ಬೇರೆ ಮೆಷರ್ ಗ್ರೂಪ್ (ಲೆಕ್ಕಗಳ ಗುಂಪು) ಮಾಡಿ ಒದ್ದಾಡ್ಬೇಕು. ಆದ್ರೆ ನಿಮ್ಮ 64 ಜಿಬಿ ನೋಡಿ ಖುಷಿ ಪಡಬೇಡಿ, ಸ್ಟ್ಯಾಂಡರ್ಡ್ ಎಡಿಶನ್‌ನಲ್ಲಿ ಟ್ಯಾಬ್ಯುಲರ್ ಇನ್‌ಸ್ಟನ್ಸ್ (ಸರ್ವರ್‌ನಲ್ಲಿ ಇನ್‌ಸ್ಟಾಲ್ ಆಗಿರೋ ಒಂದು ಪ್ರತಿ) ಒಂದಕ್ಕೆ ಸಿಗೋದು 16 ಜಿಬಿ ಅಷ್ಟೇ. ಅದ್ರಲ್ಲೂ ಫುಲ್ ಪ್ರೋಸೆಸ್ (ಡೇಟಾ ಪೂರ್ತಿ ಮತ್ತೆ ಲೋಡ್) ಮಾಡುವಾಗ ಹೊಸ ಕಾಪಿ ರೆಡಿ ಆಗೋವರೆಗೂ ಹಳೇ ಕಾಪಿ ಮೆಮೊರೀಲೇ ಕೂತಿರತ್ತೆ, ಅಂದ್ರೆ ಮಾಡೆಲ್ 7 ಜಿಬಿ ದಾಟ್ತಿದ್ದಂಗೇ ರಾತ್ರಿ ಜಾಬ್ ಫೇಲ್ ಆಗೋಕೆ ಶುರು. ರಾತ್ರಿ ಯಾರೂ ರಿಪೋರ್ಟ್ ನೋಡಲ್ಲ ಅಂದ್ರೆ ಮೊದಲು ಕ್ಲಿಯರ್ ಮಾಡಿ ಆಮೇಲೆ ಪ್ರೋಸೆಸ್ ಮಾಡಿ, ತುಂಬಾ ಉಸಿರಾಡೋಕೆ ಜಾಗ ಸಿಗತ್ತೆ.

ಇಲ್ಲಿ ರೋ ಎಷ್ಟು ಅನ್ನೋದಕ್ಕಿಂತ ಒಂದೊಂದು ಕಾಲಮ್‌ನಲ್ಲಿ ಎಷ್ಟು ಬೇರೆಬೇರೆ ವ್ಯಾಲ್ಯೂ ಇದೆ ಅನ್ನೋದೇ ಮುಖ್ಯ. 12 ಕೋಟಿ ರೋ ಇರ್ಲಿ, ಪ್ರಾಡಕ್ಟ್ ಕೋಡ್ ಬರೀ 5,000 ಇದ್ರೆ ಆ ಕಾಲಮ್ ಪುಟ್ಟದಾಗಿ ಮಡಚ್ಕೊಳ್ಳತ್ತೆ. ಇನ್‌ವಾಯ್ಸ್ ಲೈನ್ ಐಡಿ ಥರದ್ದು, ಪ್ರತಿ ರೋಗೂ ಬೇರೆ ಇರೋದು, ಅದೊಂದೇ ಮಾಡೆಲ್‌ನ ಅರ್ಧ ತಿಂದ್ಹಾಕಬಹುದು. ರಿಪೋರ್ಟಲ್ಲಿ ಅದನ್ನ ಯಾರೂ ಕೇಳಲ್ಲ, ಆದ್ರೂ ಇರ್ಲಿ ಅಂತ ತಂದಿರ್ತಾರೆ, ನಾನು ನೋಡಿರೋ ಮಾಡೆಲ್‌ಗಳಲ್ಲಿ ಮುಕ್ಕಾಲುಪಾಲು ಹಿಂಗೇ. ಕಿತ್ತು ಬಿಸಾಕಿ. ಸೆಕೆಂಡ್‌ವರೆಗೂ ಟೈಮ್ ಇರೋ ಕಾಲಮ್ ಇದ್ರೆ ಡೇಟ್ ಒಂದು ಟೈಮ್ ಒಂದು ಅಂತ ಎರಡು ಮಾಡಿ, ಟೈಮ್ ಬೇಡ ಅಂದ್ರೆ ಅದನ್ನೂ ಬಿಡಿ.

ಈಗ ಫೈನಾನ್ಸ್. ಅವರನ್ನ ಒಂದೇ ಒಂದು ಪ್ರಶ್ನೆ ಕೇಳಿ: ಬಜೆಟ್ ನಂಬರ್ ಯಾವ ಲೆವೆಲ್‌ನಲ್ಲಿ ಟೈಪ್ ಮಾಡ್ತೀರಾ? ಡಿಪಾರ್ಟ್‌ಮೆಂಟು, ಅಕೌಂಟು, ತಿಂಗಳು, ಹಿಂಗೆ ಕೆಳಗಿನ ಲೆವೆಲ್‌ನಲ್ಲೇ ಒಂದೊಂದಾಗಿ ತುಂಬ್ತೀವಿ ಅಂದ್ರೆ ಅದಕ್ಕೆ ಕ್ಯೂಬ್ ಬೇಕಾಗಿಲ್ಲ. ಒಂದು ಸಣ್ಣ ಎಂಟ್ರಿ ಫಾರ್ಮ್, ಹಿಂದೆ ಒಂದು ಎಸ್‌ಕ್ಯೂಎಲ್ ಟೇಬಲ್, ಅದನ್ನೇ ಟ್ಯಾಬ್ಯುಲರ್‌ಗೆ ಲೋಡ್ ಮಾಡಿ, ಮುಗೀತು. ಇಲ್ಲ, ನಾವು ಮೇಲೆ ವರ್ಷದ ಟೋಟಲ್ ಹಾಕ್ತೀವಿ, ಕಳೆದ ವರ್ಷದ ಅನುಪಾತದಲ್ಲಿ ಅದು ತಾನೇ ಕೆಳಗೆ ಹಂಚ್ಕೋಬೇಕು ಅಂದ್ರೆ, ಅದು ರೈಟ್‌ಬ್ಯಾಕ್. ಅದು ಮಲ್ಟಿಡೈಮೆನ್ಶನಲ್‌ನಲ್ಲಿ ಮಾತ್ರ ಇದೆ, ಎಕ್ಸೆಲ್ ಪಿವಟ್ ಟೇಬಲ್‌ನ ವಾಟ್-ಇಫ್ ಅನಾಲಿಸಿಸ್‌ನಿಂದ ನೇರ ಮಾಡ್ಬಹುದು. ಆದ್ರೆ ತೀರಾ ಮೇಲೆ ನಂಬರ್ ಹಾಕಿದ್ರೆ ಕೆಳಗಿನ ಪ್ರತಿ ಸೆಲ್‌ಗೂ ಹಂಚತ್ತೆ, ಪಬ್ಲಿಷ್ ಒತ್ತಿ ಕಾಯ್ತಾ ಕೂರ್ಬೇಕು, ಅದಕ್ಕೇ ಆ ಕ್ಯೂಬಲ್ಲಿ ಡೈಮೆನ್ಶನ್ (ಡಿಪಾರ್ಟ್‌ಮೆಂಟು, ತಿಂಗಳು ಥರದ ವಿಂಗಡಣೆ) ಕಮ್ಮಿ ಇಡಿ.

ಅಕೌಂಟ್ ಹೈರಾರ್ಕಿನೂ ಇಲ್ಲೇ ನೋಡ್ಕೊಳ್ಳಿ. ಆದಾಯ ಕೂಡಿಸು, ಖರ್ಚು ಕಳೆ ಅನ್ನೋದನ್ನ ಕ್ಯೂಬಲ್ಲಿ ಯೂನರಿ ಆಪರೇಟರ್ ಕಾಲಮ್ (ಪ್ರತಿ ಅಕೌಂಟ್‌ಗೂ ಪ್ಲಸ್ಸೋ ಮೈನಸ್ಸೋ ಅಂತ ಹೇಳೋದು) ಒಂದು ಕೊಟ್ರೆ ಅದೇ ನಿಭಾಯಿಸತ್ತೆ. ಟ್ಯಾಬ್ಯುಲರ್‌ನಲ್ಲಿ ಪೇರೆಂಟ್-ಚೈಲ್ಡ್‌ನ (ಒಂದು ಅಕೌಂಟ್ ಕೆಳಗೆ ಇನ್ನೊಂದು ಇರೋ ಜೋಡಣೆ) ಡ್ಯಾಕ್ಸ್‌ನ (ಟ್ಯಾಬ್ಯುಲರ್‌ನ ಫಾರ್ಮುಲಾ ಭಾಷೆ) ಪಾತ್ ಫಂಕ್ಷನ್‌ನಿಂದ ಲೆವೆಲ್ ಲೆವೆಲ್ಲಾಗಿ ಬಿಡಿಸಿ, ಪ್ಲಸ್ ಮೈನಸ್‌ಗೆ ನೀವೇ ಮೆಷರ್ ಬರೀಬೇಕು. ಆಗತ್ತೆ, ಆದ್ರೆ ತಲೆನೋವು.

ಹಾಗಾಗಿ ಎರಡನ್ನೂ ಒಂದೇ ಮಾಡೆಲ್‌ಗೆ ತುರುಕೋ ಐಡಿಯಾ ಬಿಟ್ಬಿಡಿ, ಅದೇ ಇಲ್ಲಿ ನಿಜವಾದ ಸಮಸ್ಯೆ. ಸೇಲ್ಸ್ ಟ್ಯಾಬ್ಯುಲರ್‌ನಲ್ಲಿರ್ಲಿ, ಫೈನಾನ್ಸ್‌ನೋರಿಗೆ ಹಂಚೋದು ಬೇಕೇ ಬೇಕು ಅಂದ್ರೆ ಮಾತ್ರ ಚಿಕ್ಕದೊಂದು ಕ್ಯೂಬ್. ಮೋಡ್ ಇನ್‌ಸ್ಟಾಲ್ ಮಾಡುವಾಗ್ಲೇ ಆರಿಸ್ಬೇಕು, ಒಂದು ಇನ್‌ಸ್ಟನ್ಸ್‌ಗೆ ಒಂದೇ ಮೋಡ್, ಅದೇ ಸರ್ವರ್‌ನಲ್ಲಿ ಎರಡು ಇನ್‌ಸ್ಟನ್ಸ್ ಹಾಕ್ಕೊಬಹುದು. ಆ 16 ಜಿಬಿ ಲಿಮಿಟ್ ಇನ್‌ಸ್ಟನ್ಸ್ ಲೆಕ್ಕಕ್ಕೆ ಇರೋದ್ರಿಂದ ಕ್ಯೂಬು ಟ್ಯಾಬ್ಯುಲರ್‌ನ ಪಾಲು ತಿನ್ನಲ್ಲ. ಎಕ್ಸೆಲ್ ಎರಡಕ್ಕೂ ಎಂಡಿಎಕ್ಸ್ ಅನ್ನೋ ಕ್ವೆರಿ ಭಾಷೇಲೇ ಮಾತಾಡತ್ತೆ, ಬಳಸೋರಿಗೆ ಎರಡೂ ಪಿವಟ್ ಟೇಬಲ್ಲೇ. ಆದ್ರೆ ಕ್ಯೂಬ್‌ನ ಮುಂದೊಂದು ದಿನ ಟ್ಯಾಬ್ಯುಲರ್ ಮಾಡ್ಕೊಂಡ್ರಾಯ್ತು ಅನ್ಕೋಬೇಡಿ, ಕನ್ವರ್ಟ್ ಮಾಡೋ ಬಟನ್ ಇಲ್ಲ, ಮೊದಲಿಂದ ಕಟ್ಟಬೇಕು. ಫೈನಾನ್ಸ್‌ನೋರ ಉತ್ತರ ಇಮೇಲ್‌ನಲ್ಲಿ ಬರೆಸ್ಕೊಂಡೇ ಶುರು ಮಾಡಿ.