ಮುಖ ಕಾಣದವರಿಗೆ ನಾಲ್ಕು ಪುಟ

ಈ ಸಲ ಒಂದೇ ಪತ್ರಕ್ಕೆ ಉತ್ತರ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಪತ್ರಗಳು ಭದ್ರವಾಗಿವೆ.

ಬರೆದವರು ಹೆಸರು ಹಾಕಬೇಡಿ ಎಂದಿದ್ದಾರೆ. ವಿಷಯ ಇಷ್ಟು. ಒಂದು ವರ್ಷದಿಂದ ಅವರಿಗೆ ಆತಂಕ. ರಾತ್ರಿ ಮೂರಕ್ಕೆ ಎಚ್ಚರ, ಎದೆ ಡವಡವ. ಕೆಲಸದ ಒತ್ತಡ ಮನೆಗೂ ಹಿಂಬಾಲಿಸಿ ಬಂದಿದೆ. ಗಂಡನ ಜೊತೆ ಮಾತು ಕಡಿಮೆಯಾಗಿದೆ, ಆಡುವ ಮಾತೆಲ್ಲ ಜಗಳದಲ್ಲೇ ಮುಗಿಯುತ್ತದೆ. ಆನ್‌ಲೈನ್‌ನಲ್ಲಿ ಥೆರಪಿಸ್ಟ್ ಹುಡುಕಲು ಹೊರಟು, ಮೂರು ವಾರ ಬರೀ ಪ್ರೊಫೈಲ್ ಫೋಟೊ ನೋಡುತ್ತಾ ಕಳೆದಿದ್ದಾರೆ. ಯಾರನ್ನೂ ಬುಕ್ ಮಾಡಿಲ್ಲ. ಕೊನೆಗೆ ಕೇಳುತ್ತಾರೆ: "ಎದುರಿಗೆ ಕೂರದೇ ಇರೋ, ಯಾವತ್ತೂ ನೋಡದೇ ಇರೋ ಮನುಷ್ಯರ ಹತ್ತಿರ ಮನಸ್ಸು ಬಿಚ್ಚೋಕೆ ಆಗುತ್ತಾ ಸಾರ್? ಪರದೆ ಮೇಲಿನ ಮುಖಕ್ಕೆ ನನ್ನ ಕಷ್ಟ ಅರ್ಥ ಆಗುತ್ತಾ?"

ಪತ್ರ ನಾಲ್ಕು ಪುಟ ಇದೆ. ಒತ್ತೊತ್ತಾಗಿ ಬರೆದಿದ್ದೀರಿ, ಕೊನೆಯ ಪುಟದಲ್ಲಿ ಜಾಗ ಸಾಲದೆ ಅಂಚಿನಲ್ಲೂ ಬರೆದಿದ್ದೀರಿ. ಸ್ವಂತ ಅಕ್ಕನಿಗೂ ಇದನ್ನು ಹೇಳಿಲ್ಲ ಎಂದು ಮೂರನೇ ಪುಟದಲ್ಲಿದೆ. ನನ್ನ ಮುಖವನ್ನು ನೀವು ನೋಡಿದ್ದೀರಾ? ಇಲ್ಲ. ನನ್ನ ದನಿ ಕೇಳಿದ್ದೀರಾ? ಅದೂ ಇಲ್ಲ. ನಾನು ಪತ್ರವನ್ನು ಪೂರ್ತಿ ಓದುತ್ತೇನೆ ಅನ್ನುವ ಖಾತ್ರಿಯೂ ಇರಲಿಲ್ಲ. ಆದರೂ ಬರೆದಿರಿ. ನಿಮ್ಮ ಪ್ರಶ್ನೆಯ ಉತ್ತರವನ್ನು ಅದೇ ಲಕೋಟೆಯಲ್ಲಿ ಹಾಕಿ ಕಳಿಸಿದ್ದೀರಿ, ಅಲ್ವಾ?

ಎದುರಾಬದುರು ಕೂರುವುದನ್ನು ನಾನು ಹೀಗಳೆಯುವುದಿಲ್ಲ. ನಡುಗುವ ಕಾಲು, ಹಿಸುಕಿಕೊಳ್ಳುವ ಬೆರಳು ಕ್ಯಾಮೆರಾಕ್ಕೆ ಸಿಗುವುದಿಲ್ಲ ಎನ್ನುವುದು ನಿಜ. ಸಾಯುವ ಯೋಚನೆ ಬರುತ್ತಿದ್ದರೆ, ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಬೇರೆಯವರಿಗೆ ಕೇಳದ ದನಿಗಳು ನಿಮಗೆ ಕೇಳುತ್ತಿದ್ದರೆ ವಾರಕ್ಕೊಂದು ವಿಡಿಯೊ ಕಾಲ್ ಸಾಲುವುದಿಲ್ಲ. ಆಸ್ಪತ್ರೆ ಬೇಕು, ಪಕ್ಕದಲ್ಲಿ ಒಬ್ಬರು ಬೇಕು. ನಿಮ್ಮ ಪತ್ರದಲ್ಲಿ ಅಂಥದ್ದು ಕಾಣಲಿಲ್ಲ. ಇದ್ದೂ ಬರೆದಿಲ್ಲವಾದರೆ ಪತ್ರಿಕೆ ಮಡಚಿಟ್ಟು ಈಗಲೇ ಎದ್ದು ಹೋಗಿ, ನನ್ನ ಹರಟೆ ಎಲ್ಲೂ ಓಡಿಹೋಗುವುದಿಲ್ಲ.

ಇನ್ನು ನನ್ನ ಮಾತಿಗೆ ಬರುತ್ತೇನೆ. ದೂರವೇ ಎಷ್ಟೋ ಸಲ ನಾಲಿಗೆ ಸಡಿಲಿಸುತ್ತದೆ. ಓದುಗರ ಪತ್ರ ಓದುವ ಕೆಲಸದಲ್ಲೇ ತಲೆ ನರೆತವನು ನಾನು, ಈ ಒಂದು ವಿಷಯದಲ್ಲಿ ನನ್ನ ಜೊತೆ ವಾದಕ್ಕೆ ಬರಬೇಡಿ. ಗಂಡ ಹೆಂಡತಿಗೆ ಹೇಳದ್ದು, ಮಗ ಅಪ್ಪನಿಗೆ ಹೇಳದ್ದು ಅಂಚೆಯಲ್ಲಿ ನನ್ನ ಮೇಜಿಗೆ ಬಂದಿದೆ. ಎದುರಿಗೆ ಮುಖ ಇದ್ದರೆ ನಾವು ಆ ಮುಖವನ್ನೇ ಓದುತ್ತೇವೆ. ಹುಬ್ಬು ಏರಿತೇ? ಬೇಜಾರಾಯಿತೇ? ಏನಂದುಕೊಂಡರು? ಹಾಗೆ ನೋಡುತ್ತಾ ಹೇಳಬೇಕಾದ್ದನ್ನು ಅರ್ಧಕ್ಕೆ ನುಂಗಿಬಿಡುತ್ತೇವೆ.

ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವ ಪದ್ಧತಿಗೆ ತಳಪಾಯ ಹಾಕಿದ ವೈದ್ಯ ಫ್ರಾಯ್ಡ್ ಇದನ್ನು ಚೆನ್ನಾಗಿ ಬಲ್ಲವನು. ರೋಗಿಯನ್ನು ಮಂಚದ ಮೇಲೆ ಮಲಗಿಸಿ, ತಾನು ತಲೆಯ ಹಿಂದೆ, ಕಣ್ಣಿಗೆ ಬೀಳದಂತೆ ಕೂರುತ್ತಿದ್ದ. ದಿನಕ್ಕೆ ಎಂಟು ಗಂಟೆ ಜನ ನನ್ನನ್ನೇ ದಿಟ್ಟಿಸಿದರೆ ತಡೆಯಲಾರೆ ಎಂದು ತಾನೇ ಒಪ್ಪಿಕೊಂಡಿದ್ದಾನೆ. "ಎದುರಿಗೆ ಕೂತು ಮಾಡುವ ಚಿಕಿತ್ಸೆ" ಎಂದು ನೀವು ಗೌರವ ಕೊಡುತ್ತಿರುವುದರ ಮೂಲದಲ್ಲೇ ಎದುರಿಗೆ ಮುಖ ಇರಲಿಲ್ಲ! 1909ರಲ್ಲಿ ಅವನು ಪ್ರಕಟಿಸಿದ, ಕುದುರೆ ಕಂಡರೆ ಹೆದರುತ್ತಿದ್ದ ಐದು ವರ್ಷದ ಹುಡುಗನ ಪ್ರಕರಣ ಇನ್ನೂ ಮಜವಾಗಿದೆ. ಹುಡುಗನ ಅಪ್ಪ ಮನೆಯಲ್ಲಿ ಆಡಿದ ಮಾತನ್ನೆಲ್ಲ ಬರೆದು ತಿಳಿಸುತ್ತಿದ್ದ, ಫ್ರಾಯ್ಡ್ ದಾರಿ ತೋರಿಸುತ್ತಿದ್ದ. ಚಿಕಿತ್ಸೆ ನಡೆಯುವಾಗ ಹುಡುಗನ ಜೊತೆ ಫ್ರಾಯ್ಡ್ ತಾನೇ ಮಾತಾಡಿದ್ದು ಒಂದೇ ಒಂದು ಸಲ.

1953ರಲ್ಲಿ ಲಂಡನ್ನಿನ ಒಂದು ಚರ್ಚಿನಲ್ಲಿ ಚಾಡ್ ವಾರಾ ಎಂಬ ಪಾದ್ರಿ, ಸಾಯಲು ಹೊರಟವರು ಕರೆ ಮಾಡಲಿ ಎಂದು ಒಂದು ಫೋನ್ ಇಟ್ಟ. ಅದೇ ಮುಂದೆ ಸಮಾರಿಟನ್ಸ್ ಸಂಸ್ಥೆಯಾಯಿತು. ನೇರವಾಗಿ ಬರುವವರೂ ಇದ್ದರು. ಪಾದ್ರಿ ಒಳಗೆ ಯಾರ ಜೊತೆಗಾದರೂ ಮಾತಾಡುತ್ತಿದ್ದರೆ, ಹೊರಗೆ ಕಾಯುವವರಿಗೆ ಸ್ವಯಂಸೇವಕರು ಚಹಾ ಕೊಟ್ಟು ಜೊತೆಗೆ ಕೂರುತ್ತಿದ್ದರು. ಕೆಲವೇ ದಿನಗಳಲ್ಲಿ ವಾರಾಗೆ ಒಂದು ವಿಷಯ ಕಂಡಿತು. ಚಹಾ ಕೊಟ್ಟವರ ಹತ್ತಿರ ಮಾತಾಡಿದ ಎಷ್ಟೋ ಜನ, ಪಾದ್ರಿಯನ್ನು ನೋಡದೆಯೇ ಹಗುರಾಗಿ ಎದ್ದು ಹೋಗುತ್ತಿದ್ದರು. ಮರುವರ್ಷ ಕೇಳುವ ಕೆಲಸವನ್ನು ಸ್ವಯಂಸೇವಕರಿಗೇ ವಹಿಸಿದ. ಅವರಿಗೆ ಡಿಗ್ರಿ ಇರಲಿಲ್ಲ, ಬುದ್ಧಿವಾದ ಹೇಳುವ ಚಟವೂ ಇರಲಿಲ್ಲ.

ಇನ್ನು ಪರದೆ ನೀವು ತಿಳಿದಷ್ಟು ಹೊಸದೂ ಅಲ್ಲ. ಅಮೆರಿಕದ ನೆಬ್ರಾಸ್ಕದಲ್ಲಿ 1959ರಲ್ಲೇ ಟೀವಿ ಜೋಡಿಸಿ ಗುಂಪು ಚಿಕಿತ್ಸೆ ಕೊಟ್ಟಿದ್ದರು. 1964ರ ಹೊತ್ತಿಗೆ 112 ಮೈಲಿ ಆಚೆಗಿನ ಮಾನಸಿಕ ಆಸ್ಪತ್ರೆಗೂ ಆ ಸಂಪರ್ಕ ತಲುಪಿತ್ತು. ಈಚೆಗೆ ವಿಡಿಯೊ ಮೂಲಕ ಕೊಟ್ಟ ಚಿಕಿತ್ಸೆಯನ್ನೂ ಕೋಣೆಯಲ್ಲಿ ಕೊಟ್ಟದ್ದನ್ನೂ ಹೋಲಿಸಿ ನೋಡಿದ್ದಾರೆ. ಆತಂಕ, ಖಿನ್ನತೆಯ ಮಟ್ಟಿಗೆ ಫಲ ಹೆಚ್ಚುಕಡಿಮೆ ಒಂದೇ ಎಂದು ಹಲವು ಅಧ್ಯಯನಗಳು ಹೇಳುತ್ತವೆ.

ನನ್ನದೇ ಕತೆ ಹೇಳಲೇ? ಹಿಂದೊಮ್ಮೆ ಸಂಚಿಕೆ ಅಚ್ಚಿಗೆ ಹೋಗುವ ಹಿಂದಿನ ರಾತ್ರಿಗಳಲ್ಲಿ ನನಗೂ ನಿಮ್ಮ ಹಾಗೆಯೇ ಎದೆ ಹೊಡೆದುಕೊಳ್ಳುತ್ತಿತ್ತು. ಹೃದಯದ್ದೇ ಎಂದು ಹೆದರಿ ಡಾಕ್ಟರ ಹತ್ತಿರ ಓಡಿದೆ. ಇಸಿಜಿ ಸರಿಯಿತ್ತು. ಥೈರಾಯ್ಡ್ ಜಾಸ್ತಿಯಾದರೂ ಎದೆ ಹೀಗೆ ಬಡಿಯುತ್ತದೆ ಎಂದು ಅದನ್ನೂ ನೋಡಿದರು. (ನೀವೂ ಮೊದಲು ಇದನ್ನು ಮಾಡಿಸಿ. ದೇಹದ ತೊಂದರೆಗೆ ಮನಸ್ಸನ್ನು ಬೈದು ಪ್ರಯೋಜನವಿಲ್ಲ.) ಎಲ್ಲ ಸರಿ ಇದೆ, ಯಾರ ಹತ್ತಿರವಾದರೂ ಮಾತಾಡಿ ಎಂದರು.

ಮೊದಲು ಸಿಕ್ಕ ಥೆರಪಿಸ್ಟ್ ಒಳ್ಳೆಯ ಮನುಷ್ಯ, ಆದರೆ ಮಾತುಗಾರ. ನಾನು ಒಂದು ಹೇಳಿದರೆ ಅವರು ತಮ್ಮದು ಎರಡು ಹೇಳುತ್ತಿದ್ದರು. ಎರಡು ಸೆಷನ್‌ಗೆ ಬಿಟ್ಟೆ. ಬಿಟ್ಟದ್ದಕ್ಕೆ ಒಂದು ವಾರ ಪಾಪಪ್ರಜ್ಞೆ ಬೇರೆ! ಎರಡನೆಯವರು ಮಾತು ಕಡಿಮೆ. ನಾಲ್ಕನೇ ಸಲ ನೆಟ್‌ವರ್ಕ್ ಕೈಕೊಟ್ಟಿತು. ವಿಡಿಯೊ ಹೋಯಿತು, ದನಿ ಮಾತ್ರ ಉಳಿಯಿತು. ನಾಳೆ ಮಾಡೋಣವೇ ಅಂದೆ. ಇರಲಿ ಬಿಡಿ, ಹೀಗೇ ಮಾತಾಡೋಣ ಅಂದರು. ಆ ಕಪ್ಪು ಪರದೆಯ ಮುಂದೆ ನನ್ನ ಬಾಯಿಂದ ಬಂದ ಮಾತು ನನಗೇ ಗೊತ್ತಿರಲಿಲ್ಲ: ನನಗೆ ಹೆದರಿಕೆ ಅಚ್ಚಿನ ತಪ್ಪಿನದ್ದಲ್ಲ, ಕೆಲಸ ಮುಗಿದರೆ ಮನೆಗೆ ಹೋಗಬೇಕಲ್ಲ ಎನ್ನುವುದರದ್ದು. ಮನೆಯಲ್ಲಿ ನಾವಿಬ್ಬರೂ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದೆವು. ನಾನು ಅದಕ್ಕೆ "ಕೆಲಸದ ಒತ್ತಡ" ಎಂದು ಹೆಸರಿಟ್ಟುಕೊಂಡು ಓಡಾಡುತ್ತಿದ್ದೆ.

ನಿಮ್ಮ ಪತ್ರದಲ್ಲೂ ಆತಂಕ ಒಂದನೇ ಪುಟದಲ್ಲಿ, ಕೆಲಸ ಎರಡನೇ ಪುಟದಲ್ಲಿ, ಗಂಡ ಮೂರನೇ ಪುಟದಲ್ಲಿ ಬಂದಿದ್ದಾರೆ. ಮೂರು ಬೇರೆ ಬೇರೆ ಕಾಯಿಲೆ ಎಂಬಂತೆ ವಿಂಗಡಿಸಿದ್ದೀರಿ. ಇರಲಾರದು ಅಂತ ನನಗೆ ಅನುಮಾನ.

ಈಗ ಸ್ವಲ್ಪ ಬೈಗುಳ. ಮೂರು ವಾರ ಫೋಟೊ ನೋಡಿದಿರಲ್ಲ, ಅದು ಹುಡುಕಾಟ ಅಲ್ಲ, ಅದೂ ಆತಂಕದ್ದೇ ಆಟ. ಆತಂಕದ ಚಾಳಿ ಹೀಗೆ: ಹೆದರಿಕೆ ಹುಟ್ಟಿಸುವ ಕೆಲಸವನ್ನು ಮುಂದಕ್ಕೆ ಹಾಕಿದ ಕೂಡಲೇ ಹಾಯೆನಿಸುತ್ತದೆ. ಆ ಹಾಯಿಯ ರುಚಿ ಹತ್ತಿದ ಮನಸ್ಸು ಮರುದಿನವೂ ಮುಂದಕ್ಕೆ ಹಾಕುತ್ತದೆ. ಮಾಡದೆ ಬಿಟ್ಟಷ್ಟೂ ಆ ಕೆಲಸ ಗುಡ್ಡವಾಗುತ್ತದೆ. ಸಿಬಿಟಿ ಎನ್ನುವ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆಯಲ್ಲಿ ಈ ಸುತ್ತನ್ನೇ ಹಿಡಿದು ಬಿಚ್ಚುತ್ತಾರೆ. ಹೆದರಿದ್ದನ್ನು ಚೂರು ಚೂರಾಗಿ ಮಾಡಿಸುತ್ತಾರೆ. ನಿಮಗೆ ಮೊದಲ ಚೂರು ಒಬ್ಬರನ್ನು ಬುಕ್ ಮಾಡುವುದು. ಅತ್ಯುತ್ತಮರನ್ನಲ್ಲ, ಒಬ್ಬರನ್ನು.

ಯಾರನ್ನು ಅಂದರೆ, ನಗುಮುಖದ ಫೋಟೊ, ಐದು ನಕ್ಷತ್ರ ಎರಡನ್ನೂ ಮರೆತುಬಿಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಎಲ್ಲಿ ಓದಿದ್ದಾರೆ, ನೋಂದಣಿ ಇದೆಯೇ, ಅದನ್ನು ನೀವೇ ಪರೀಕ್ಷಿಸಬಹುದೇ ನೋಡಿ. "ಲೈಫ್ ಕೋಚ್" ಅನ್ನುವ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಮನೋವೈದ್ಯರು ವೈದ್ಯಕೀಯ ಓದಿದವರು, ಮಾತ್ರೆ ಬರೆಯುತ್ತಾರೆ. ಮನಶ್ಶಾಸ್ತ್ರಜ್ಞರು, ಕೌನ್ಸೆಲರ್‌ಗಳು ಮುಖ್ಯವಾಗಿ ಮಾತಿನ ಮೂಲಕ ಚಿಕಿತ್ಸೆ ಕೊಡುವವರು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡಿಸುವುದಕ್ಕೆ ಬೇರೆಯದೇ ತರಬೇತಿ ಬೇಕು, ಅದನ್ನು ಬಾಯಿಬಿಟ್ಟು ಕೇಳಿ. ಗಂಡ ಬರುವುದಿಲ್ಲ ಎಂದರೆ ಒಬ್ಬರೇ ಶುರು ಮಾಡಿ. ಜಾನ್ ಗಾಟ್ಮನ್ ಎಂಬ ಸಂಶೋಧಕರು ಸಂಸಾರ ಕೆಡಿಸುವ ನಾಲ್ಕು ಚಾಳಿ ಹೇಳುತ್ತಾರೆ: ವ್ಯಕ್ತಿಯನ್ನೇ ದೂರುವುದು, ತುಚ್ಛವಾಗಿ ಕಾಣುವುದು, ಎಲ್ಲಕ್ಕೂ ಸಮರ್ಥನೆ ಕೊಡುವುದು, ಮಾತು ಬಿಟ್ಟು ಗೋಡೆಯಾಗುವುದು. ಕೊನೆಯದರಲ್ಲಿ ನಾನು ಪಂಡಿತ. ನಿಮ್ಮದು ಯಾವುದು ಎಂದು ಒಬ್ಬರೇ ಕೂತೂ ಕಂಡುಕೊಳ್ಳಬಹುದು.

ಮೊದಲ ಮಾತುಕತೆಯಲ್ಲಿ ನಾಚಿಕೆ ಬಿಟ್ಟು ಕೇಳಿ. ನನ್ನ ತೊಂದರೆಗೆ ಏನು ಮಾಡುತ್ತೀರಿ? ಯಾವ ಸಂದರ್ಭದಲ್ಲಿ ಗುಟ್ಟು ಬಿಟ್ಟುಕೊಡುತ್ತೀರಿ? ಕರೆ ಕಡಿದರೆ ಏನು? ಅವರು ನಿಮ್ಮ ವಿಳಾಸ, ಹತ್ತಿರದವರೊಬ್ಬರ ನಂಬರ್ ಕೇಳಿದರೆ ಹೆದರಬೇಡಿ, ತುರ್ತಿಗೆ ಬೇಕಾಗುತ್ತದೆ. ಎಡ್ವರ್ಡ್ ಬಾರ್ಡಿನ್ ಎಂಬ ಮನಶ್ಶಾಸ್ತ್ರಜ್ಞ 1979ರಲ್ಲಿ ಚಿಕಿತ್ಸೆಯ ನಂಟನ್ನು ಮೂರು ಎಳೆಯಾಗಿ ಬಿಡಿಸಿದ: ಎಲ್ಲಿಗೆ ಹೋಗಬೇಕು, ಅದಕ್ಕೆ ಏನು ಮಾಡಬೇಕು ಎಂಬುದರಲ್ಲಿ ಇಬ್ಬರಿಗೂ ಒಪ್ಪಿಗೆ, ಜೊತೆಗೆ ನಂಬಿಕೆ. ಮೂರು ನಾಲ್ಕು ಸೆಷನ್ ಆದರೂ ಈ ಮೂರರಲ್ಲಿ ಒಂದೂ ಕಾಣದಿದ್ದರೆ ಹೇಳಿ. ಹೇಳಿಯೂ ಸರಿಹೋಗದಿದ್ದರೆ ಬದಲಾಯಿಸಿ. ನನ್ನ ಹಾಗೆ ವಾರವಿಡೀ ಕೊರಗಬೇಡಿ.

ಗುಟ್ಟಿನ ವಿಷಯ ಬಂತಲ್ಲ. ಬೆಟರ್‌ಹೆಲ್ಪ್ ಎಂಬ ದೊಡ್ಡ ಆನ್‌ಲೈನ್ ಕಂಪನಿ, ಜನ ನಂಬಿ ಕೊಟ್ಟ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥವರ ಜೊತೆ ಹಂಚಿಕೊಂಡಿತು ಎಂದು ಅಮೆರಿಕದ ವ್ಯಾಪಾರ ಆಯೋಗ ದೂರಿತು. 2023ರಲ್ಲಿ ಕಂಪನಿ 78 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಆದ್ದರಿಂದ ಸೇರುವಾಗ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ತುಂಬುವ ಮೊದಲು ಒಂದು ಸಲ ನಿಯಮ ಓದಿ. ಆದರೆ "ಅದಕ್ಕೇ ಕೋಣೆಯೇ ವಾಸಿ" ಎನ್ನುವವರಿಗೂ ಒಂದು ಮಾತಿದೆ. ಫಿನ್ಲೆಂಡಿನ ವಸ್ತಾಮೊ ಎಂಬ ಸಂಸ್ಥೆ ಊರೂರಲ್ಲಿ ಕೋಣೆ ಇಟ್ಟು ಮನೋಚಿಕಿತ್ಸೆ ಕೊಡುತ್ತಿತ್ತು. ಅದರ ಕಡತಗಳೇ ಕಳುವಾಗಿ, 2020ರಲ್ಲಿ ಸಾವಿರಾರು ಜನಕ್ಕೆ "ದುಡ್ಡು ಕೊಡದಿದ್ದರೆ ನಿಮ್ಮ ಗುಟ್ಟು ಹೊರಗೆ" ಎಂದು ಬೆದರಿಕೆ ಬಂತು. ಗೋಡೆ ಇದ್ದರೂ ಗುಟ್ಟು ಉಳಿಯಲಿಲ್ಲ.

ನಿಮ್ಮ ಕಡೆಯ ಗುಟ್ಟು ನಿಮ್ಮ ಜವಾಬ್ದಾರಿ. ಹೆಡ್‌ಫೋನ್ ಹಾಕಿ, ಬಾಗಿಲು ಮುಚ್ಚಿ. ಪರದೆಯಲ್ಲಿ ನಿಮ್ಮದೇ ಮುಖ ಕಾಣುವುದನ್ನು ಆಫ್ ಮಾಡಿ, ಇಲ್ಲವಾದರೆ ಅಳುವಾಗಲೂ ಕೂದಲು ಸರಿಮಾಡಿಕೊಳ್ಳುತ್ತಾ ಕೂರುತ್ತೀರಿ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಇಷ್ಟೆಲ್ಲ ಹುಡುಕುವ ಗತಿ ಯಾಕೆ ಬಂತು? ಒಬ್ಬರು ಐವತ್ತು ನಿಮಿಷ ನಡುವೆ ಬಾಯಿ ಹಾಕದೆ ಕೇಳಲಿ ಎಂಬ ಆಸೆಗೆ ಬುಕ್ ಮಾಡಿ, ಹಣ ಕಟ್ಟಿ, ಕಾಯಬೇಕಾಗಿದೆ. ನಿದ್ದೆ ಬರ್ತಿಲ್ಲ ಅಂದರೆ ಯೋಗ ಮಾಡು ಅನ್ನುತ್ತಾರೆ. ಗಂಡನ ಜೊತೆ ಸರಿಯಿಲ್ಲ ಅಂದರೆ ಹೊಂದಿಕೊಂಡು ಹೋಗು ಅನ್ನುತ್ತಾರೆ. ಎತ್ತು ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಹೊಸಬರದ್ದು ಇನ್ನೊಂದು ಬಗೆ, ಅರ್ಧ ಕೇಳಿ "ಅವನು ಟಾಕ್ಸಿಕ್, ಬಿಟ್ಟುಬಿಡು" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನಾನೂ ಸಾಚಾ ಅಲ್ಲ, ಇಷ್ಟು ಹೊತ್ತಿನಿಂದ ಮಾಡುತ್ತಿರುವುದೂ ಅದೇ ತಾನೇ?

1966ರಲ್ಲಿ ಜೋಸೆಫ್ ವೈಜನ್‌ಬಾಮ್ ಎಂಬ ವಿಜ್ಞಾನಿ ಎಲೈಜಾ ಎಂಬ ಪ್ರೋಗ್ರಾಂ ಪ್ರಕಟಿಸಿದ. ನಾವು ಟೈಪ್ ಮಾಡಿದ ಮಾತನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು, ಅಷ್ಟೇ. ಅವನ ಸೆಕ್ರೆಟರಿ ಅದರ ಮುಂದೆ ಕೂತು ಸ್ವಲ್ಪ ಹೊತ್ತಿಗೇ, ನೀವು ಸ್ವಲ್ಪ ಹೊರಗೆ ಹೋಗ್ತೀರಾ ಎಂದು ಅವನನ್ನೇ ಕೇಳಿದಳಂತೆ. ಅದು ಯಂತ್ರ ಎಂದು ಅವಳಿಗೆ ಗೊತ್ತಿತ್ತು! ಇದನ್ನು ಕಂಪ್ಯೂಟರಿನ ಹೆಚ್ಚುಗಾರಿಕೆ ಎಂದು ಹೇಳುವವರಿದ್ದಾರೆ. ನನಗೆ ಅವಳ ಮನೆ, ಕಚೇರಿಯ ಜನರ ಮೇಲೆ ಬೇಜಾರಾಗುತ್ತದೆ. ಇವತ್ತು ನಡುರಾತ್ರಿ ಚಾಟ್‌ಬಾಟ್ ಹತ್ತಿರ ಸಂಸಾರದ ಕಷ್ಟ ಹೇಳಿಕೊಳ್ಳುವವರಿಗೂ ನನ್ನದು ಇದೇ ಮಾತು: ಕೇಳುವವರು ಬೇಕು ಎನ್ನುವ ನಿಮ್ಮ ಹಸಿವು ಸುಳ್ಳಲ್ಲ. ಆದರೆ ಯಂತ್ರ ತಲೆಯಾಡಿಸುವುದೇ ಜಾಸ್ತಿ. ನೀವು ಹೇಳಿದ್ದಕ್ಕೆಲ್ಲ ಹೌದು ಅನ್ನುವವರು ಥೆರಪಿಸ್ಟ್ ಅಲ್ಲ.

ಪತ್ರ ಬರೆಯುವವರೂ ಕಡಿಮೆಯಾದರು. ಮೊದಲು ಪುಟಗಟ್ಟಲೆ ಬರುತ್ತಿತ್ತು. ಈಗ ಎರಡು ಸಾಲು, ಒಂದು ಅಳುವ ಎಮೋಜಿ. ಅದಕ್ಕೇ ನಿಮ್ಮ ಲಕೋಟೆ ದಪ್ಪಗಿದ್ದದ್ದು ನೋಡಿಯೇ ನನಗೆ ಅರ್ಧ ಖುಷಿಯಾಗಿತ್ತು. ಕಷ್ಟದ ಪತ್ರಕ್ಕೆ ಖುಷಿಪಡುವುದು ಸಂಪಾದಕರ ಕೆಟ್ಟ ಬುದ್ಧಿ, ಕ್ಷಮಿಸಿ.

ಆ ನಾಲ್ಕು ಪುಟಗಳನ್ನು ನಾನು ಇಟ್ಟುಕೊಳ್ಳುತ್ತಿಲ್ಲ. ಲಕೋಟೆಯ ಹಿಂದಿದ್ದ ವಿಳಾಸಕ್ಕೆ ಇವತ್ತೇ ವಾಪಸ್ ಕಳಿಸುತ್ತಿದ್ದೇನೆ. ಮೊದಲ ಸೆಷನ್‌ನಲ್ಲಿ ಎಲ್ಲಿಂದ ಶುರು ಮಾಡಲಿ ಎಂದು ತೋಚದಿದ್ದರೆ ಅವನ್ನು ಕೈಯಲ್ಲಿ ಹಿಡಿದುಕೊಂಡು ಕೂತು ಓದಿ. ಮೂರನೇ ಪುಟದಿಂದ.