ಮಣಿಕಟ್ಟಿನ ಡೈವ್ ಕಂಪ್ಯೂಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸ್ಕೂಬಾದ ಮೊದಲ ಹಂತದ ತರಬೇತಿ ಮುಗಿಸಿ ಸ್ವಂತಕ್ಕೊಂದು ಡೈವ್ ಕಂಪ್ಯೂಟರ್ ಕೊಂಡಿದ್ದೇನೆ. ಜೊತೆಗಾರನೊಂದಿಗೆ ಅಕ್ಕಪಕ್ಕದಲ್ಲೇ, ಒಂದೇ ಆಳದಲ್ಲಿ ಇದ್ದೆ. ಆ ಆಳದಲ್ಲಿ ಇನ್ನೂ ಹದಿನಾಲ್ಕು ನಿಮಿಷ ಇರಬಹುದೆಂದು ಅವನ ಕಂಪ್ಯೂಟರ್ ತೋರಿಸಿದರೆ, ನನ್ನದು ಎಂಟೇ ನಿಮಿಷ ಎಂದಿತು. ನನ್ನದು ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ಎರಡೂ ಲೆಕ್ಕವನ್ನು ಸರಿಯಾಗಿಯೇ ಮಾಡಿವೆ, ಆದರೆ ಅವು ಅನುಸರಿಸಿದ ಸೂತ್ರ ಅಥವಾ ಸೆಟ್ಟಿಂಗ್ ಬೇರೆ ಬೇರೆ. ನಿಮ್ಮ ಕೈಯಲ್ಲಿರುವ ಉಪಕರಣ ಮುಖ್ಯವಾಗಿ ಅಳೆಯುವುದು ನೀರಿನ ಒತ್ತಡವನ್ನು ಮತ್ತು ಸಮಯವನ್ನು. ನಿಮ್ಮ ರಕ್ತದಲ್ಲಿ, ಸ್ನಾಯುಗಳಲ್ಲಿ, ಕೊಬ್ಬಿನಲ್ಲಿ ಎಷ್ಟು ಸಾರಜನಕ ಕರಗಿದೆ ಎಂಬುದನ್ನು ಅದು ಅಳೆಯುವುದಿಲ್ಲ. ಒತ್ತಡ ಇಷ್ಟು, ಕಳೆದ ಸಮಯ ಇಷ್ಟು ಎಂದಾದರೆ ಒಂದು ಕಲ್ಪಿತ ದೇಹದಲ್ಲಿ ಎಷ್ಟು ಕರಗಿರಬೇಕು ಎಂದು ಕೆಲವು ಸೆಕೆಂಡಿಗೊಮ್ಮೆ ಲೆಕ್ಕ ಹಾಕುತ್ತಾ ಹೋಗುತ್ತದೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಂಡವರು ಡೈವ್ ಕಂಪ್ಯೂಟರನ್ನು ಚೆನ್ನಾಗಿ ಬಳಸುತ್ತಾರೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಮುದ್ರದಲ್ಲಿ ಪ್ರತಿ ಹತ್ತು ಮೀಟರಿಗೆ ಸುಮಾರು ಒಂದು ಬಾರ್ (ಹೆಚ್ಚುಕಡಿಮೆ ಮೇಲ್ಮೈಯಲ್ಲಿನ ಗಾಳಿಯ ಒತ್ತಡದಷ್ಟು) ಒತ್ತಡ ಹೆಚ್ಚುತ್ತದೆ. ಹೀಗಾಗಿ 30 ಮೀಟರ್ ಆಳದಲ್ಲಿ ನೀವು ಉಸಿರಾಡುವ ಗಾಳಿಯ ಒತ್ತಡ ನಾಲ್ಕು ಬಾರ್ ಆಗಿ, ಸಾರಜನಕ ದೇಹದೊಳಕ್ಕೆ ಇಳಿಯತೊಡಗುತ್ತದೆ. ಮೇಲೇರುವಾಗ ಒತ್ತಡ ಇಳಿಯುವುದೇ ಡಿಕಂಪ್ರೆಷನ್; ಆಗ ಕರಗಿದ ಸಾರಜನಕ ಗುಳ್ಳೆಗಳಾಗಿ ತೊಂದರೆ ಕೊಟ್ಟರೆ ಅದು ಡಿಕಂಪ್ರೆಷನ್ ಕಾಯಿಲೆ. ಎಲ್ಲ ಅಂಗಾಂಶಗಳೂ ಒಂದೇ ವೇಗದಲ್ಲಿ ಅದನ್ನು ಹೀರುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ತಂದು, 1908ರಲ್ಲಿ ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜೆ. ಎಸ್. ಹಾಲ್ಡೇನ್ ಮತ್ತು ಸಂಗಡಿಗರು ಮೊದಲ ವ್ಯವಸ್ಥಿತ ಡಿಕಂಪ್ರೆಷನ್ ಕೋಷ್ಟಕಗಳನ್ನು ಪ್ರಕಟಿಸಿದರು. ಅವರು ದೇಹವನ್ನು 5, 10, 20, 40 ಮತ್ತು 75 ನಿಮಿಷಗಳ ಅರ್ಧಾವಧಿಯ ಐದು ಕಲ್ಪಿತ ವಿಭಾಗಗಳಾಗಿ ನೋಡಿದರು. ಐದು ನಿಮಿಷದ ವಿಭಾಗವು ಐದು ನಿಮಿಷದಲ್ಲಿ ಅರ್ಧ ತುಂಬುತ್ತದೆ, ಹತ್ತು ನಿಮಿಷದಲ್ಲಿ ಮುಕ್ಕಾಲು, ಹದಿನೈದರಲ್ಲಿ ಎಂಟರಲ್ಲಿ ಏಳು ಪಾಲು. ಜ್ಯೂರಿಕ್‌ನ ವೈದ್ಯ ಆಲ್ಬರ್ಟ್ ಬ್ಯೂಲ್‌ಮನ್ ಇದೇ ದಾರಿಯಲ್ಲಿ ಮುಂದುವರಿದು ರೂಪಿಸಿದ, ಇಂದು ಅನೇಕ ಕಂಪ್ಯೂಟರುಗಳಲ್ಲಿರುವ ಲೆಕ್ಕದಲ್ಲಿ ಹದಿನಾರು ವಿಭಾಗಗಳಿವೆ. ಅವುಗಳಲ್ಲಿ ಅತಿ ವೇಗದ್ದರ ಅರ್ಧಾವಧಿ 4 ನಿಮಿಷವಾದರೆ ಅತಿ ನಿಧಾನದ್ದು 635 ನಿಮಿಷ. ಬೇರೆ ಕೆಲವು ತಯಾರಕರು ಗುಳ್ಳೆಗಳ ಬೆಳವಣಿಗೆಯನ್ನೂ ಪರಿಗಣಿಸುವ ಸೂತ್ರಗಳನ್ನು ಬಳಸುತ್ತಾರೆ.

ಇದರ ಮೇಲೆ ಎಚ್ಚರಿಕೆಯ ಮಟ್ಟವನ್ನು ನೀವೇ ಹೊಂದಿಸಬಹುದಾದ ಸೆಟ್ಟಿಂಗ್ ಒಂದಿರುತ್ತದೆ. ಕೆಲವು ಕಂಪ್ಯೂಟರುಗಳಲ್ಲಿ ಅದು ಹಂತಗಳ ರೂಪದಲ್ಲಿದ್ದರೆ, ಇನ್ನು ಕೆಲವುಗಳಲ್ಲಿ ಗ್ರೇಡಿಯೆಂಟ್ ಫ್ಯಾಕ್ಟರ್ ಎಂಬ ಎರಡು ಅಂಕಿಗಳಾಗಿ, ಉದಾಹರಣೆಗೆ 40/85 ಎಂದು, ಕಾಣಿಸುತ್ತದೆ. ಎರಡನೆಯ ಅಂಕಿ 85 ಎಂದರೆ, ಅಂಗಾಂಶಗಳಲ್ಲಿನ ಸಾರಜನಕಕ್ಕೆ ಸೂತ್ರವು ಗರಿಷ್ಠವೆಂದು ಒಪ್ಪುವ ಅಧಿಕ ಒತ್ತಡದ 85 ಪ್ರತಿಶತವನ್ನು ಮೀರದಂತೆ ನಿಮ್ಮನ್ನು ಮೇಲ್ಮೈಗೆ ತರಲಾಗುತ್ತದೆ ಎಂದರ್ಥ. ಅದೇ ಉಪಕರಣದಲ್ಲಿ 95 ಇಟ್ಟವರಿಗೆ ಹೆಚ್ಚು ನಿಮಿಷ, 70 ಇಟ್ಟವರಿಗೆ ಕಡಿಮೆ ನಿಮಿಷ ಸಿಗುವುದು ಸಹಜ. ಮುದ್ರಿತ ಕೋಷ್ಟಕಗಳಲ್ಲಿಯೂ ಈ ಭೇದ ಇತ್ತು: 30 ಮೀಟರಿಗೆ ಡೈವಿಂಗ್ ತರಬೇತಿ ನೀಡುವ ಪ್ಯಾಡಿ ಸಂಸ್ಥೆಯ ಕೋಷ್ಟಕ 20 ನಿಮಿಷ ಕೊಟ್ಟರೆ, ಹೆಚ್ಚುಕಡಿಮೆ ಅಷ್ಟೇ ಆಳವಾದ 100 ಅಡಿಗೆ ಅಮೆರಿಕದ ನೌಕಾಪಡೆಯ ಕೋಷ್ಟಕ 25 ನಿಮಿಷ ಕೊಡುತ್ತದೆ.

ಇಂತಹ ಸಂದರ್ಭದಲ್ಲಿ ಪಾಲಿಸಬೇಕಾದದ್ದು ಇಷ್ಟು: ಇಬ್ಬರಲ್ಲಿ ಯಾರ ಕಂಪ್ಯೂಟರ್ ಕಡಿಮೆ ಸಮಯ ತೋರಿಸುತ್ತದೆಯೋ ಅದರ ಮಾತಿನಂತೆ ಇಬ್ಬರೂ ಮೇಲೇರಬೇಕು. ಜೊತೆಗಾರನ ಅಂಕಿಗೆ ಸರಿಹೊಂದಲೆಂದು ನಿಮ್ಮ ಸೆಟ್ಟಿಂಗನ್ನು ಸಡಿಲಿಸಬೇಡಿ. ನೀರು ತಣ್ಣಗಿದ್ದರೆ, ಪ್ರವಾಹದ ವಿರುದ್ಧ ಈಜಿ ದಣಿದಿದ್ದರೆ, ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೆ ಸೆಟ್ಟಿಂಗನ್ನು ಇನ್ನಷ್ಟು ಬಿಗಿ ಮಾಡುವುದು ಒಳ್ಳೆಯದು. ಪರದೆಯ ಮೇಲಿನ ನಿಮಿಷಗಳು ಸೊನ್ನೆಗೆ ಇಳಿಯುವವರೆಗೆ ಕಾಯದೆ, ಐದಾರು ನಿಮಿಷ ಉಳಿದಿರುವಾಗಲೇ ಆಳ ಕಡಿಮೆ ಮಾಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಿ.

ಪ್ರಶ್ನೆ: ನಾವಿಬ್ಬರೂ ಯಾವಾಗಲೂ ಒಟ್ಟಿಗೇ ಮುಳುಗುತ್ತೇವೆ. ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರ್ ಸಾಲದೇ?

ಉತ್ತರ: ಸಾಲದು. ಒಬ್ಬರು ಎರಡು ಮೀಟರ್ ಕೆಳಗಿದ್ದರೂ, ಒಬ್ಬರು ಬೆಳಗಿನ ಡೈವ್ ತಪ್ಪಿಸಿಕೊಂಡಿದ್ದರೂ ಲೆಕ್ಕ ಬೇರೆಯಾಗುತ್ತದೆ. ಇದೇ ಕಾರಣಕ್ಕೆ ಬಾಡಿಗೆಯ ಕಂಪ್ಯೂಟರನ್ನು ದಿನದ ನಡುವೆ ಬದಲಾಯಿಸಿಕೊಳ್ಳಲೂ ಬಾರದು, ಏಕೆಂದರೆ ಎರಡನೆಯ ಕಂಪ್ಯೂಟರಿನ ನೆನಪಿನಲ್ಲಿರುವುದು ನಿಮ್ಮ ಮೊದಲ ಡೈವ್ ಅಲ್ಲ, ಇನ್ಯಾರದ್ದೋ ಡೈವ್.

ಪ್ರಶ್ನೆ: ನೈಟ್ರಾಕ್ಸ್ (ಗಾಳಿಗಿಂತ ಹೆಚ್ಚು ಆಮ್ಲಜನಕವಿರುವ ಮಿಶ್ರಣ) ತರಬೇತಿ ಮುಗಿಸಿದ್ದೇನೆ. ಕಂಪ್ಯೂಟರಿನಲ್ಲಿ ಆಮ್ಲಜನಕದ ಪ್ರಮಾಣ ನಮೂದಿಸಲು ಮರೆತರೆ ಏನಾಗುತ್ತದೆ?

ಉತ್ತರ: ಯಾವ ಕಡೆಗೆ ಮರೆತಿರಿ ಎಂಬುದರ ಮೇಲೆ ಅಪಾಯದ ಬಗೆ ಬದಲಾಗುತ್ತದೆ. ಸಿಲಿಂಡರಿನಲ್ಲಿ ಸಾಮಾನ್ಯ ಗಾಳಿ ಇದ್ದು ಕಂಪ್ಯೂಟರ್ ನಿನ್ನೆಯ 32 ಪ್ರತಿಶತದಲ್ಲೇ ನಿಂತಿದ್ದರೆ, ನೀವು ನಿಜವಾಗಿ ಹೀರುತ್ತಿರುವುದಕ್ಕಿಂತ ಕಡಿಮೆ ಸಾರಜನಕವನ್ನು ಅದು ಲೆಕ್ಕ ಹಾಕಿ, ನಿಮಗೆ ಇಲ್ಲದ ನಿಮಿಷಗಳನ್ನು ಕೊಡುತ್ತದೆ. ಇದು ಡಿಕಂಪ್ರೆಷನ್ ಕಾಯಿಲೆಯ ಕಡೆಗೆ ನೇರವಾದ ದಾರಿ. ಸಿಲಿಂಡರಿನಲ್ಲಿ 32 ಪ್ರತಿಶತ ಇದ್ದು ಕಂಪ್ಯೂಟರಿನಲ್ಲಿ 21 ಇದ್ದರೆ ಸಾರಜನಕದ ಲೆಕ್ಕ ಸುರಕ್ಷಿತ ಕಡೆಗೇ ಇರುತ್ತದೆ. ಆದರೆ ಆಮ್ಲಜನಕದ ವಿಷತ್ವದ ಎಚ್ಚರಿಕೆ ಸರಿಯಾದ ಆಳದಲ್ಲಿ ಬರುವುದಿಲ್ಲ. ಆಮ್ಲಜನಕದ ಆಂಶಿಕ ಒತ್ತಡ (ಒಟ್ಟು ಒತ್ತಡದಲ್ಲಿ ಅದರ ಪಾಲು) 1.4 ಬಾರ್ ಎಂಬ ವಾಡಿಕೆಯ ಮಿತಿಯನ್ನು ಹಿಡಿದರೆ, 32 ಪ್ರತಿಶತದ ಮಿಶ್ರಣಕ್ಕೆ ಗರಿಷ್ಠ ಆಳ ಸುಮಾರು 33 ಮೀಟರ್, 36 ಪ್ರತಿಶತಕ್ಕೆ ಸುಮಾರು 28 ಮೀಟರ್. ಈ ಗೆರೆ ದಾಟಿದಾಗ ಮೈಸೆಳೆತ (ಫಿಟ್ಸ್) ಯಾವ ಮುನ್ಸೂಚನೆಯೂ ಇಲ್ಲದೆ ಬರಬಹುದು, ನೀರಿನಡಿಯ ಮೈಸೆಳೆತ ಎಂದರೆ ಉಸಿರಾಟದ ಸಾಧನವಾದ ರೆಗ್ಯುಲೇಟರ್ ಬಾಯಿಂದ ಜಾರುವುದು, ಮುಳುಗಿ ಸಾಯುವುದು.

ಆದ್ದರಿಂದ ಆಮ್ಲಜನಕದ ಪ್ರಮಾಣ ಅಳೆಯುವ ಅನಲೈಸರ್ ಹಿಡಿದು ಸಿಲಿಂಡರನ್ನು ನೀವೇ ಪರೀಕ್ಷಿಸಿ, ಬಂದ ಅಂಕಿಯನ್ನು ಪಟ್ಟಿಯ ಮೇಲೆ ಬರೆದು ಅಂಟಿಸಿ, ಅಲ್ಲಿಂದ ಕದಲುವ ಮೊದಲೇ ಅದೇ ಅಂಕಿಯನ್ನು ಕಂಪ್ಯೂಟರಿಗೆ ಕೊಡಿ. ಕೆಲವು ಮಾದರಿಗಳು ನಿಗದಿತ ಗಂಟೆಗಳ ನಂತರ ತಾವಾಗಿಯೇ ಗಾಳಿಯ ಸೆಟ್ಟಿಂಗಿಗೆ ಮರಳುತ್ತವೆ, ಇನ್ನು ಕೆಲವು ಹಳೆಯ ಅಂಕಿಯನ್ನೇ ಹಿಡಿದಿರುತ್ತವೆ. ನಿಮ್ಮದು ಯಾವ ಬಗೆಯದು ಎಂಬುದನ್ನು ಕೈಪಿಡಿಯಲ್ಲಿ ಓದಿ ತಿಳಿದಿರಬೇಕು.

ಪ್ರಶ್ನೆ: ಮೇಲೇರುವಾಗ ಕೈ ಎತ್ತಿ ಪರದೆ ನೋಡಿದರೆ ಸಾಕು, ವೇಗ ಹೆಚ್ಚಾಯಿತೆಂದು ಬೀಪ್ ಶಬ್ದ ಬರುತ್ತದೆ. ನಿಧಾನವಾಗಿಯೇ ಏರುತ್ತಿರುತ್ತೇನೆ. ಶಬ್ದವನ್ನು ಬಂದ್ ಮಾಡಬಹುದೇ?

ಉತ್ತರ: ಬಂದ್ ಮಾಡಬೇಡಿ. ಒತ್ತಡದ ಸೆನ್ಸರ್ ಇರುವುದು ನಿಮ್ಮ ಮಣಿಕಟ್ಟಿನಲ್ಲಿ. ಸೊಂಟದ ಬಳಿ ಇದ್ದ ಕೈಯನ್ನು ಒಂದು ಸೆಕೆಂಡಿನಲ್ಲಿ ಅರ್ಧ ಮೀಟರ್ ಮೇಲೆತ್ತಿದರೆ, ಆ ಕ್ಷಣದ ಮಟ್ಟಿಗೆ ಅದು ಕಂಡ ವೇಗ ನಿಮಿಷಕ್ಕೆ 30 ಮೀಟರ್. ಉಪಕರಣ ಕೆಲವು ಸೆಕೆಂಡುಗಳ ಸರಾಸರಿ ತೆಗೆದುಕೊಂಡರೂ ಪಟ್ಟನೆ ಎತ್ತಿದ ಕೈ ಅದನ್ನು ದಾರಿ ತಪ್ಪಿಸಬಲ್ಲದು. ಮೇಲೇರಲು ಆರಂಭಿಸುವ ಮೊದಲೇ ಮುಂಗೈಯನ್ನು ಎದೆಯ ಮಟ್ಟದಲ್ಲಿ, ಕಣ್ಣಿಗೆ ಕಾಣುವಂತೆ ಅಡ್ಡವಾಗಿ ಹಿಡಿದುಕೊಂಡು, ಏರಿಕೆ ಮುಗಿಯುವವರೆಗೂ ಅಲ್ಲೇ ಇರಿಸಿಕೊಂಡರೆ ಈ ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ. ಬೆಲ್ಟನ್ನೂ ಗಮನಿಸಿ: ಆಳಕ್ಕೆ ಹೋದಂತೆ ವೆಟ್‌ಸೂಟ್ ಕುಗ್ಗಿ, ದೋಣಿಯ ಮೇಲೆ ಬಿಗಿಯಾಗಿದ್ದ ಬೆಲ್ಟ್ ಸಡಿಲವಾಗಿ ಕಂಪ್ಯೂಟರ್ ಮಣಿಕಟ್ಟಿನ ಅಡಿಭಾಗಕ್ಕೆ ತಿರುಗಿಬಿಡುತ್ತದೆ. ಎಲಾಸ್ಟಿಕ್ ಹುರಿಯ ಬೆಲ್ಟ್ ಇದಕ್ಕೆ ಉತ್ತಮ ಪರಿಹಾರ.

ಹಳೆಯ ಪಾಠಗಳಲ್ಲಿ ನಿಮಿಷಕ್ಕೆ 18 ಮೀಟರ್ ವೇಗಕ್ಕೆ ಒಪ್ಪಿಗೆಯಿತ್ತು. ಈಗ ಬಹುತೇಕ ಕಂಪ್ಯೂಟರುಗಳು 9 ಅಥವಾ 10 ಮೀಟರನ್ನು ಮಿತಿಯಾಗಿ ಇಟ್ಟುಕೊಂಡಿವೆ. 30ರಿಂದ 20 ಮೀಟರಿಗೆ ಏರುವಾಗ ಅನಿಲದ ಗಾತ್ರ ಮೂರನೇ ಒಂದು ಪಾಲು ಹಿಗ್ಗುತ್ತದೆ, ಆದರೆ 10 ಮೀಟರಿನಿಂದ ಮೇಲ್ಮೈಗೆ ಬರುವಾಗ ಎರಡು ಪಟ್ಟಾಗುತ್ತದೆ. ಐದು ಮೀಟರಿನಲ್ಲಿ ಮೂರು ನಿಮಿಷದ ಸೇಫ್ಟಿ ಸ್ಟಾಪ್ (ಸುರಕ್ಷತೆಗಾಗಿ ನಿಲ್ಲುವುದು) ಮುಗಿಸಿದ ಮೇಲೆ ಬುರ್ರನೆ ಮೇಲಕ್ಕೆ ಹೋಗುವವರು ಅತ್ಯಂತ ಸೂಕ್ಷ್ಮವಾದ ಭಾಗದಲ್ಲೇ ಅವಸರ ಮಾಡುತ್ತಿರುತ್ತಾರೆ.

ಪ್ರಶ್ನೆ: ಬ್ಯಾಟರಿಯನ್ನು ಮನೆಯಲ್ಲೇ ಬದಲಾಯಿಸಬಹುದೇ? ಡೈವ್ ಮುಗಿದ ಮೇಲೆ ಆರೈಕೆ ಹೇಗೆ?

ಉತ್ತರ: ಬಳಕೆದಾರರೇ ಬದಲಾಯಿಸಬಹುದೆಂದು ಕೈಪಿಡಿ ಹೇಳಿದ್ದರೆ ಮಾತ್ರ ಮುಚ್ಚಳ ಬಿಚ್ಚಿ. ಅದಕ್ಕೂ ಮೊದಲು ದೇಹದಿಂದ ಸಾರಜನಕ ಹೊರಹೋಗುವ ಲೆಕ್ಕ ಪೂರ್ತಿ ಮುಗಿದಿರಲಿ. ಕೆಲವು ಮಾದರಿಗಳಲ್ಲಿ ಬ್ಯಾಟರಿ ತೆಗೆದೊಡನೆ ಆ ಲೆಕ್ಕ ಅಳಿಸಿಹೋಗಿ, ನೀವು ಆ ದಿನ ನೀರಿಗೇ ಇಳಿದಿಲ್ಲ ಎಂಬಂತೆ ಅದು ವರ್ತಿಸುತ್ತದೆ. ಮುಚ್ಚಳದ ಒಳಗೆ ನೀರು ತಡೆಯುವ ರಬ್ಬರ್ ಉಂಗುರವಾದ ಓ-ರಿಂಗನ್ನು ಲೋಹದ ಸಾಧನದಿಂದ ಕೀಳದೆ ಬೆರಳಿನಿಂದ ಹಿಂಡಿ ಎಬ್ಬಿಸಿ, ದೀಪದ ಕೆಳಗೆ ಒಂದು ಸುತ್ತು ತಿರುಗಿಸಿ ನೋಡಿ. ಸೀಳು, ಚಪ್ಪಟೆಯಾದ ಜಾಗ, ಅಂಟಿಕೊಂಡ ಒಂದೇ ಒಂದು ಕೂದಲು ಅಥವಾ ಮರಳಿನ ಕಣ, ಇವುಗಳಲ್ಲಿ ಯಾವುದಿದ್ದರೂ ನೀರು ಒಳಗೆ ಬರುತ್ತದೆ. ಸಾಧ್ಯವಾದರೆ ಪ್ರತಿ ಬಾರಿಯೂ ಹೊಸ ಓ-ರಿಂಗ್ ಹಾಕುವುದೇ ಮೇಲು. ತಯಾರಕರು ಹೇಳಿದ ಸಿಲಿಕೋನ್ ಗ್ರೀಸನ್ನು ಅದು ಹೊಳೆಯುವಷ್ಟು ಮಾತ್ರ ಸವರಿ. ದಪ್ಪಗೆ ಮೆತ್ತಿದರೆ ಕಸವೇ ಹೆಚ್ಚು ಹಿಡಿಯುತ್ತದೆ.

ಡೈವ್ ಆದ ಕೂಡಲೇ, ಉಪ್ಪು ಒಣಗುವ ಮೊದಲೇ ಸಿಹಿನೀರಿನಲ್ಲಿ ನೆನೆಯಿಡಿ. ಹಿಂಬದಿಯಲ್ಲೋ ಪಕ್ಕದಲ್ಲೋ ಸಣ್ಣ ಸಣ್ಣ ರಂಧ್ರಗಳಿರುವ ಜಾಗವೇ ಒತ್ತಡದ ಸೆನ್ಸರಿನ ಬಾಯಿ. ಅಲ್ಲಿ ಉಪ್ಪು ಗಟ್ಟಿಯಾದರೆ ಆಳದ ಅಂಕಿಯೇ ತಪ್ಪಬಹುದು, ಅದನ್ನು ಸೂಜಿಯಿಂದ ಚುಚ್ಚುವುದಾಗಲಿ ಸಿಲಿಂಡರಿನ ಗಾಳಿ ಊದುವುದಾಗಲಿ ಸೆನ್ಸರನ್ನೇ ಹಾಳುಮಾಡುತ್ತದೆ. ನೀರಿನ ಸ್ಪರ್ಶದಿಂದ ತಾನಾಗಿ ಆನ್ ಆಗುವ ಮಾದರಿಗಳನ್ನು ಒದ್ದೆಯಾಗಿಯೇ ಚೀಲಕ್ಕೆ ಹಾಕಿದರೆ ಬ್ಯಾಟರಿ ಸುಮ್ಮನೆ ಖರ್ಚಾಗುತ್ತದೆ.

ಪ್ರಶ್ನೆ: ನೀರಿನಡಿಯಲ್ಲಿ ಪರದೆ ಕಪ್ಪಾಗಿಬಿಟ್ಟರೆ ಏನು ಮಾಡಬೇಕು? ವಿಮಾನ ಹತ್ತಲು ಎಷ್ಟು ಹೊತ್ತು ಕಾಯಬೇಕು?

ಉತ್ತರ: ಪರದೆ ಕಪ್ಪಾದರೆ ಡೈವ್ ಅಲ್ಲಿಗೆ ಮುಗಿಯಿತೆಂದು ತಿಳಿಯಿರಿ. ಜೊತೆಗಾರನಿಗೆ ಸನ್ನೆ ಮಾಡಿ, ಅವನ ಪಕ್ಕದಲ್ಲೇ ನಿಧಾನವಾಗಿ ಏರಿ, ಸಿಲಿಂಡರಿನಲ್ಲಿ ಗಾಳಿ ಇರುವಷ್ಟರ ಮಟ್ಟಿಗೆ ಸೇಫ್ಟಿ ಸ್ಟಾಪನ್ನು ಮೂರು ನಿಮಿಷಕ್ಕಿಂತ ಹೆಚ್ಚು ಮಾಡಿ. ಹೊಸ ಕಂಪ್ಯೂಟರ್ ಕಟ್ಟಿಕೊಂಡು ಮತ್ತೆ ಇಳಿಯುವ ಮೊದಲು ಪೂರ್ತಿ 24 ಗಂಟೆ ಬಿಡಿ. ಇನ್ನು ವಿಮಾನದ ವಿಷಯ. ಹಾರಾಟದಲ್ಲಿ ಕ್ಯಾಬಿನ್ನಿನ ಒತ್ತಡ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಮಾರ್ಗಸೂಚಿಯಂತೆ, ಡಿಕಂಪ್ರೆಷನ್ ಸ್ಟಾಪ್ (ಮೇಲೇರುವಾಗ ಕಡ್ಡಾಯವಾಗಿ ಮಾಡಬೇಕಾದ ನಿಲುಗಡೆ) ಬೇಕಿಲ್ಲದ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದೇ ದಿನ ಹಲವು ಡೈವ್ ಅಥವಾ ಹಲವು ದಿನ ಡೈವ್ ಆಗಿದ್ದರೆ 18 ಗಂಟೆ, ಕಡ್ಡಾಯ ಸ್ಟಾಪ್ ಮಾಡಿದ್ದರೆ ಅದಕ್ಕಿಂತ ಸಾಕಷ್ಟು ಹೆಚ್ಚು ಕಾಯಬೇಕು. ಕಂಪ್ಯೂಟರಿನ ಗಡಿಯಾರ ಇದಕ್ಕಿಂತ ಹೆಚ್ಚು ಹೇಳಿದರೆ ಅದನ್ನೇ ಪಾಲಿಸಿ.

ಪ್ರಶ್ನೆ: ಕಂಪ್ಯೂಟರ್ ಯಾವ ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ. ಆದರೂ ಸಂಜೆ ಗೆಳತಿಗೆ ಭುಜದಲ್ಲಿ ನೋವು, ಬೆರಳುಗಳಲ್ಲಿ ಜೋಮು ಬಂತು; ಮರುದಿನದ ಹೊತ್ತಿಗೆ ಹೋಯಿತು. ಇದು ಡಿಕಂಪ್ರೆಷನ್ ಕಾಯಿಲೆ ಆಗಿರಲಾರದು ಅಲ್ಲವೇ?

ಉತ್ತರ: ಆಗಿರಬಹುದು, ಆದ್ದರಿಂದ ಆಕೆ ತಾನಾಗಿ ಹೋಯಿತೆಂದು ಬಿಡದೆ, ಡೈವಿಂಗ್ ವೈದ್ಯರನ್ನು ಕಾಣುವವರೆಗೆ ನೀರಿಗೆ ಇಳಿಯಬಾರದು. ಮಿತಿಯೊಳಗೇ ಇದ್ದು, ನಿಧಾನವಾಗಿಯೇ ಏರಿದವರಿಗೂ ಈ ಕಾಯಿಲೆ ಬಂದದ್ದಿದೆ. ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲ್ಕೋಣೆಗಳ ನಡುವೆ ಹುಟ್ಟಿನಿಂದ ಪೂರ್ತಿ ಮುಚ್ಚದೇ ಉಳಿದ ಸಣ್ಣ ಕಿಂಡಿ ಇರುತ್ತದೆ, ಅದರ ಮೂಲಕ ಗುಳ್ಳೆಗಳು ಶ್ವಾಸಕೋಶದ ಸೋಸುವಿಕೆಯನ್ನು ತಪ್ಪಿಸಿಕೊಂಡು ನೇರವಾಗಿ ದೇಹಕ್ಕೆ ಹರಡಬಹುದು. ಕಂಪ್ಯೂಟರಿಗೆ ಈ ಕಿಂಡಿಯೂ ಗೊತ್ತಿಲ್ಲ, ಆಕೆ ಅಂದು ಎಷ್ಟು ನೀರು ಕುಡಿದಿದ್ದಳು ಎಂಬುದೂ ಗೊತ್ತಿಲ್ಲ.

ಮುಂದೆ ಯಾರಿಗಾದರೂ ಡೈವ್ ಆದ ಮೇಲೆ ಕೀಲುನೋವು, ಜೋಮು, ತಲೆಸುತ್ತು, ಚರ್ಮದ ಮೇಲೆ ಬಲೆಯಂತಹ ಕೆಂಪು ಅಥವಾ ವಿಪರೀತ ಆಯಾಸ ಕಂಡರೆ, ಪರದೆಯಲ್ಲಿ ಏನಿತ್ತು ಎಂದು ವಾದಿಸುತ್ತಾ ಕೂರಬೇಡಿ. ಮಲಗಿಸಿ, ನೂರು ಪ್ರತಿಶತ ಆಮ್ಲಜನಕ ಕೊಟ್ಟು, ತುರ್ತು ವೈದ್ಯಕೀಯ ನೆರವಿಗೆ ಕರೆ ಮಾಡಿ, ಒತ್ತಡದ ಕೋಣೆಯ ಚಿಕಿತ್ಸೆ ಬೇಕೇ ಎಂಬುದನ್ನು ವೈದ್ಯರ ನಿರ್ಧಾರಕ್ಕೆ ಬಿಡಿ. ಕಂಪ್ಯೂಟರನ್ನು ರೀಸೆಟ್ ಮಾಡದೆ, ಬ್ಯಾಟರಿ ತೆಗೆಯದೆ ರೋಗಿಯ ಜೊತೆಗೇ ಆಸ್ಪತ್ರೆಗೆ ಕಳಿಸಿ. ಎಷ್ಟು ಆಳ, ಎಷ್ಟು ಹೊತ್ತು, ಯಾವ ವೇಗದಲ್ಲಿ ಏರಿದರು ಎಂಬ ದಾಖಲೆ ಚಿಕಿತ್ಸೆ ಮಾಡುವವರಿಗೆ ಬೇಕಾಗುತ್ತದೆ.